61 ಅಂತ ಬರೆದ ದಿನ: ಒಬ್ಬ ಕಾಲೇಜು ಪೈಲ್ವಾನನ ಪ್ರಕರಣ

ಈ ಹುಡುಗನ ಹೆಸರು ಬರೆಯುವುದಿಲ್ಲ, ಊರೂ ಬೇಡ. ತೀರ್ಥಹಳ್ಳಿ ಕಡೆಯವನು ಅಂದರೆ ಸಾಕು. ಅವನಿಗೆ ಹೇಳಿ, ಅವನು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಡಿಗ್ರಿಯ ಮೂರು ವರ್ಷವೂ ಯೂನಿವರ್ಸಿಟಿ ಚಾಂಪಿಯನ್. ಎರಡು ಸಲ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕುಸ್ತಿಗೆ ಹೋಗಿ ಬಂದವನು. 22 ತುಂಬುವ ಹೊತ್ತಿಗೆ ಅವನ ಕುಸ್ತಿ ಮುಗಿದಿತ್ತು. ಯಾರನ್ನು ಕೇಳಿದರೂ "ಪಾಪ, ಜಾತ್ರೇಲಿ ಮಂಡಿ ಹೋಯ್ತಲ್ಲ" ಅಂತಾರೆ. ಮಂಡಿ ಹೋಗಿದ್ದು ನಿಜ. ಆದರೆ ಅದು ಕೊನೆಯ ಪೆಟ್ಟು. ಮೊದಲನೆಯ ಪೆಟ್ಟು ಬಿದ್ದಿದ್ದು 2016ರಲ್ಲಿ, ಎಂಟ್ರಿ ಫಾರಂನಲ್ಲಿ ಅವನ ಹೆಸರಿನ ಮುಂದೆ 61 ಕೆ.ಜಿ. ಅಂತ ಬರೆದ ದಿನ. ಬರೆದವನು ನಾನು. ಆ ಕಾಲೇಜಿನ ಪಿ.ಟಿ. ಮೇಷ್ಟ್ರು ನಾನೇ.

ಅವನ ಅಪ್ಪಯ್ಯನಿಗೆ ಒಂದೂವರೆ ಎಕರೆ ತೋಟ. ಸುಗ್ಗಿಯಲ್ಲಿ ಬೇರೆಯವರ ತೋಟಕ್ಕೂ ಕೊನೆಗಾರನಾಗಿ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನಾಗಿ, ಹೋಗುತ್ತಿದ್ದರು. ಹುಡುಗನೂ ಪಿಯುಸಿ ಹೊತ್ತಿಗೆ ಮರ ಹತ್ತಲು ಕಲಿತಿದ್ದ. ಅಡಿಕೆ ಮರ ಹತ್ತಿದವರ ಕೈ ನೋಡಿದ್ದೀರಾ? ಒಂದು ಮರದ ತುದಿಯಿಂದ ಬಾಗಿ ಪಕ್ಕದ ಮರ ಹಿಡಿದು ಹಾಗೇ ದಾಟುವ ಕೆಲಸ ಅದು. ಮಂಗ ಮಾಡುವುದನ್ನು ಮನುಷ್ಯ ಸಂಬಳಕ್ಕೆ ಮಾಡಬೇಕು. ಅಡ್ಮಿಷನ್ ದಿನ "ಕುಸ್ತಿ ಆಡ್ತೀಯಾ?" ಅಂತ ಕೇಳಿ ನನ್ನ ಮಣಿಕಟ್ಟು ಹಿಡಿಯಲು ಹೇಳಿದೆ. ಹಿಡಿದ. ಬಿಡಿಸಿಕೊಳ್ಳಲು ನನಗೆ ಆಗಲಿಲ್ಲ.

ಕುಸ್ತಿ ಅಂದರೆ ಜನ ದಾವಣಗೆರೆ, ಬೆಳಗಾವಿ, ಧಾರವಾಡ, ಮೈಸೂರು ಅಂತಾರೆ. ಮಲೆನಾಡಿಗೂ ಗರಡಿಗೂ ಏನು ಸಂಬಂಧ ಅಂತ ಕೇಳುವವರು ಇದ್ದಾರೆ. ನಮ್ಮಲ್ಲೂ ಪೇಟೆಗಳಲ್ಲಿ ಹಳೆಯ ಗರಡಿಮನೆಗಳಿವೆ, ಮಾರಿ ಜಾತ್ರೆ ಬಂದರೆ ಕುಸ್ತಿ ನೋಡಲು ಜನ ಸೇರುತ್ತಾರೆ. ಕಷ್ಟ ಏನಂದರೆ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗರಡಿಯ ಕೆಮ್ಮಣ್ಣು ಒಣಗುವುದೇ ಇಲ್ಲ. ಎಣ್ಣೆ, ಅರಿಶಿನ, ಕರ್ಪೂರ ಎಷ್ಟು ಬೆರೆಸಿದರೂ ಮಣ್ಣು ಮುಗ್ಗಲು ಹಿಡಿಯುತ್ತದೆ. ಹುಡುಗರ ಕುತ್ತಿಗೆ, ತೊಡೆಸಂದಿಯಲ್ಲೆಲ್ಲ ಹುಳುಕಡ್ಡಿ ಏಳುತ್ತದೆ. ಒಬ್ಬನಿಗೆ ಬಂದರೆ ಹದಿನೈದು ದಿನದಲ್ಲಿ ಎಲ್ಲರಿಗೂ. ಬಯಲುಸೀಮೆಯ ಹುಡುಗರು ವರ್ಷವಿಡೀ ಮಣ್ಣಿನಲ್ಲಿ ಇರುತ್ತಾರೆ, ನಮ್ಮವರಿಗೆ ಎಂಟು ತಿಂಗಳು ಸಿಕ್ಕಿದರೆ ಹೆಚ್ಚು. ಅದರಲ್ಲೂ ಕಾಲೇಜು ಕ್ರೀಡಾಕೂಟ, ಸೆಮಿಸ್ಟರ್ ಪರೀಕ್ಷೆ, ಕೊನೆ ಕೊಯ್ಲು, ಮೂರೂ ಬರುವುದು ಒಂದೇ ಹೊತ್ತಿಗೆ.

ಇವನು ಮಣ್ಣಿನಲ್ಲಿ ಕಲಿತವನು. ಮ್ಯಾಟ್ ಬೇರೆಯೇ ಆಟ. ಮಣ್ಣಿನಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸಿದರೆ ಗೆಲುವು, ಅಲ್ಲಿವರೆಗೆ ತಾಳ್ಮೆಯಿಂದ ಕಾಯಬಹುದು, ಎತ್ತರಕ್ಕೆ ನಿಂತು ತೋಳಿಗೆ ತೋಳು ಕೊಟ್ಟು ಬಲ ನೋಡಬಹುದು. ಮ್ಯಾಟ್‌ನಲ್ಲಿ ಅಷ್ಟು ಹೊತ್ತು ಯಾರೂ ಕೊಡುವುದಿಲ್ಲ. ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ಬಿಡುವು. 9 ಮೀಟರ್ ಅಗಲದ ವೃತ್ತದಿಂದ ಕಾಲು ಆಚೆ ಹೋದರೆ ಎದುರಾಳಿಗೆ 1 ಪಾಯಿಂಟ್. ಕೆಡವಿ ಹಿಂದಿನಿಂದ ಹಿಡಿತಕ್ಕೆ ತೆಗೆದುಕೊಂಡರೆ 2. ಕಾಲಿಗೂ ಕೈ ಹಾಕಬಹುದಾದ ಫ್ರೀಸ್ಟೈಲ್‌ನಲ್ಲಿ 10 ಪಾಯಿಂಟ್ ಅಂತರ ಬಂದರೆ ಅಲ್ಲಿಗೇ ಮುಗಿಯಿತು. ಸುಮ್ಮನೆ ನಿಂತರೆ ರೆಫರಿ ಎಚ್ಚರಿಸುತ್ತಾನೆ. ಮೊದಲ ತಿಂಗಳು ಇವನು ಎತ್ತರಕ್ಕೇ ನಿಲ್ಲುತ್ತಿದ್ದ. ಚಿಕ್ಕ ಚಿಕ್ಕ ಹುಡುಗರು ಬಗ್ಗಿ ಬಂದು ಕಾಲಿಗೆ ಕೈ ಹಾಕಿ ಕೆಡವುತ್ತಿದ್ದರು. ಕೆಳಗೆ ಬಿದ್ದವನು ಎದ್ದು ನನ್ನ ಮುಖ ನೋಡುತ್ತಿದ್ದ, "ಇದೆಂತ ಕುಸ್ತಿ ಸಾರ್" ಅನ್ನುವ ಹಾಗೆ. ಆದರೆ ಎರಡು ತಿಂಗಳಲ್ಲಿ ತಾನೇ ಬಗ್ಗುವುದು ಕಲಿತ. ಆ ಹಿಡಿತಕ್ಕೆ ಕಾಲು ಸಿಕ್ಕಿದರೆ ಮತ್ತೆ ಬಿಡಿಸಿಕೊಂಡವರನ್ನು ನಾನು ನೋಡಲಿಲ್ಲ. ನಾನು ಈ ಕೆಲಸದಲ್ಲಿ ಅಷ್ಟು ಬೇಗ ಮಣ್ಣಿನಿಂದ ಮ್ಯಾಟಿಗೆ ಬಂದ ಇನ್ನೊಬ್ಬನನ್ನು ಕಂಡಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅವನಿಗೆ ತೂಕ ಇಳಿಸುವ ಅಗತ್ಯವೇ ಇರಲಿಲ್ಲ. ಅವನ ತೂಕದಲ್ಲೇ ಅವನು ಗೆಲ್ಲುತ್ತಿದ್ದ.

ಅವನ ಸಹಜ ತೂಕ 66.5 ಕೆ.ಜಿ. ಒಂದೂವರೆ ಕಿಲೋ ಇಳಿಸಿದರೆ 65ರ ವಿಭಾಗ. ಆದರೆ ಆ ವರ್ಷ 65ಕ್ಕೆ ನಮ್ಮದೇ ಕಾಲೇಜಿನ ಕೊನೆ ವರ್ಷದ ಹುಡುಗನಿದ್ದ, ಹಿಂದಿನ ವರ್ಷದ ಚಾಂಪಿಯನ್. ಇಬ್ಬರೂ ಒಂದೇ ವಿಭಾಗದಲ್ಲಿ ಆಡಿದರೆ ಒಂದು ಚಿನ್ನ. ಬೇರೆ ಬೇರೆ ವಿಭಾಗದಲ್ಲಿ ಆಡಿದರೆ ಎರಡು. ತಂಡದ ಶೀಲ್ಡ್ ಪಾಯಿಂಟ್ ಮೇಲೆ ಹೋಗುತ್ತದೆ. ಸ್ಟಾಫ್ ರೂಮಿನಲ್ಲಿ ಕೂತು ನಾನು ಲೆಕ್ಕ ಹಾಕಿದೆ, ಅವನನ್ನು ಕರೆದು "61ಕ್ಕೆ ಇಳೀತೀಯಾ ಮಾರಾಯ?" ಅಂದೆ. ಹತ್ತೊಂಬತ್ತು ವರ್ಷದ ಹುಡುಗ ಮೇಷ್ಟ್ರು ಕೇಳಿದರೆ ಇಲ್ಲ ಅಂತಾನಾ? "ಆಯ್ತು ಸಾರ್" ಅಂದ.

5.5 ಕಿಲೋ. ಅವನ ತೂಕದ 8 ಪರ್ಸೆಂಟ್‌ಗಿಂತ ಜಾಸ್ತಿ. ಅದನ್ನು ಹೇಗೆ ಇಳಿಸಿದ ಅಂತ ಆಮೇಲೆ ತಿಳಿಯಿತು. ನಾಲ್ಕು ದಿನ ಮೊದಲು ಅನ್ನ ಬಿಟ್ಟ. ಎರಡು ದಿನ ಮೊದಲು ನೀರು ಕಡಿಮೆ ಮಾಡಿದ, ಕೊನೆಯ ದಿನ ಪೂರ್ತಿ ನಿಲ್ಲಿಸಿದ. ಶಿವಮೊಗ್ಗದಲ್ಲಿ ದೊಡ್ಡಮ್ಮನ ಮನೆಯಿತ್ತು, ಹಳೇ ಕಾಲದ ಬಚ್ಚಲುಮನೆ, ಒಲೆ ಮೇಲೆ ತಾಮ್ರದ ಹಂಡೆ. ಒಲೆಗೆ ಅಡಿಕೆ ಸಿಪ್ಪೆ ತುಂಬಿ, ಹಂಡೆ ಕುದಿಯಲು ಬಿಟ್ಟು, ಬಾಗಿಲು ಹಾಕಿ, ಮಳೆ ಕೋಟಿನ ಮೇಲೆ ಕಂಬಳಿ ಹೊದ್ದು ಆ ಹಬೆಯಲ್ಲಿ ಕೂರುತ್ತಿದ್ದನಂತೆ. ಬೆವರು ನಿಂತರೆ ಹೊರಗೆ ಬಂದು ಬಸ್ಕಿ ಹೊಡೆದು ಮತ್ತೆ ಒಳಗೆ. ದೊಡ್ಡಮ್ಮ ಬಾಗಿಲು ಬಡಿದು ಬೈಯುತ್ತಿದ್ದರಂತೆ. ಹೀಗೆ ಮಾಡು ಅಂತ ಅವನಿಗೆ ಹೇಳಿಕೊಟ್ಟಿದ್ದು ಸೀನಿಯರ್‌ಗಳು. ಅವರಿಗೆ ಅವರ ಸೀನಿಯರ್‌ಗಳು. ನಾನು ಕೇಳಲಿಲ್ಲ. ತಕ್ಕಡಿ 60.9 ತೋರಿಸಿದಾಗ ಬೆನ್ನು ತಟ್ಟಿದೆ.

ಆ ವರ್ಷ ಗೆದ್ದ. ಎರಡೂ ಚಿನ್ನ ನಮ್ಮದೇ, ಶೀಲ್ಡ್ ಪ್ರಿನ್ಸಿಪಾಲರ ಕೊಠಡಿಗೆ ಬಂತು.

ಇಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆ ಮೊದಲ ವರ್ಷದ್ದಲ್ಲ, ಎರಡನೆಯ ವರ್ಷದ್ದು. 65ರ ಹುಡುಗ ಡಿಗ್ರಿ ಮುಗಿಸಿ ಹೋಗಿದ್ದ. ಜಾಗ ಖಾಲಿ. ಇವನು ವಯಸ್ಸಿಗೆ ಬೆಳೆಯುತ್ತಿದ್ದ, 68 ಆಗಿದ್ದ. ಆದರೂ ನಾನು ಮತ್ತೆ 61 ಅಂತಲೇ ಬರೆದೆ. ಯಾಕೆ? ಗೆಲ್ಲುತ್ತಿದ್ದಾನಲ್ಲ, ಯಾಕೆ ಬದಲಾಯಿಸಬೇಕು ಅಂತ. ಗೆಲ್ಲುವ ಹುಡುಗನ ಬಗ್ಗೆ ಮೇಷ್ಟ್ರು ಯೋಚನೆ ಮಾಡುವುದನ್ನು ನಿಲ್ಲಿಸಿಬಿಡುತ್ತಾರೆ. ಸೋತವನನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡುತ್ತೇವೆ, ಗೆದ್ದವನಿಗೆ ಒಂದು ಫೋಟೋ.

61 ಒಲಿಂಪಿಕ್ಸ್‌ನಲ್ಲಿ ಇರುವ ತೂಕವೂ ಅಲ್ಲ. ಪುರುಷರ ಫ್ರೀಸ್ಟೈಲ್‌ಗೆ ಅಲ್ಲಿ ಆರೇ ವಿಭಾಗ: 57, 65, 74, 86, 97, 125. ಮುಂದೆ ದೊಡ್ಡ ಮಟ್ಟಕ್ಕೆ ಹೋಗುವ ಆಸೆ ಇದ್ದರೆ ಹುಡುಗನನ್ನು 65ಕ್ಕೆ, ಆಮೇಲೆ 74ಕ್ಕೆ ಬೆಳೆಸಬೇಕು. ನಾವು ಬೆಳೆಯುವ ಗಿಡವನ್ನು ಚಿಕ್ಕ ಕುಂಡದಲ್ಲಿ ಇಟ್ಟು ಮೂರು ವರ್ಷ ಬೇರು ಕತ್ತರಿಸಿದೆವು.

ತೂಕ ಇಳಿಸುವುದು ನಮ್ಮಲ್ಲಿ ಮಾತ್ರ ಇರುವ ಚಟವಲ್ಲ. ಅಮೆರಿಕದ ಕಾಲೇಜುಗಳಲ್ಲಿ ಕುಸ್ತಿ ದೊಡ್ಡ ಆಟ. 1997ರ ನವೆಂಬರ್, ಡಿಸೆಂಬರ್‌ನಲ್ಲಿ, ಸುಮಾರು ಒಂದು ತಿಂಗಳ ಅವಧಿಯಲ್ಲಿ, ಮೂರು ಬೇರೆ ಬೇರೆ ಕಾಲೇಜಿನ ಮೂವರು ಪೈಲ್ವಾನರು ತೂಕ ಇಳಿಸಲು ಹೋಗಿ ಸತ್ತರು. ರಬ್ಬರ್ ಬಟ್ಟೆ ಹಾಕಿಕೊಂಡು, ಬಿಸಿ ಕೋಣೆಯಲ್ಲಿ ವ್ಯಾಯಾಮ ಮಾಡುತ್ತ, ನೀರು ಬಿಟ್ಟು. ನಮ್ಮ ಹುಡುಗನ ಬಚ್ಚಲುಮನೆಗೂ ಅದಕ್ಕೂ ಏನು ವ್ಯತ್ಯಾಸ? ಆಮೇಲೆ ಅಲ್ಲಿ ನಿಯಮ ತಂದರು. ರಬ್ಬರ್ ಬಟ್ಟೆ, ಹಬೆ ಕೋಣೆ, ಮೂತ್ರ ಹೋಗಿಸುವ ಮಾತ್ರೆ ಎಲ್ಲ ನಿಷೇಧ. ಸೀಸನ್ ಶುರುವಾಗುವ ಮೊದಲೇ ಹುಡುಗನ ಮೈಯಲ್ಲಿ ನೀರು ಸರಿಯಾಗಿದೆಯಾ ಅಂತ ಮೂತ್ರ ಪರೀಕ್ಷೆ ಮಾಡಿ, ಕೊಬ್ಬು ಎಷ್ಟಿದೆ ಅಳೆದು, ಅವನು ಇಳಿಯಬಹುದಾದ ಕನಿಷ್ಠ ತೂಕ ಬರೆದಿಡುತ್ತಾರೆ. ವಾರಕ್ಕೆ ಮೈತೂಕದ 1.5 ಪರ್ಸೆಂಟ್‌ಗಿಂತ ಜಾಸ್ತಿ ಇಳಿಸುವ ಹಾಗಿಲ್ಲ. ಇವನ ಲೆಕ್ಕಕ್ಕೆ ಅದು ವಾರಕ್ಕೆ ಒಂದು ಕಿಲೋ. ಇವನು ನಾಲ್ಕು ದಿನದಲ್ಲಿ ಐದೂವರೆ ಇಳಿಸಿದ್ದ. ಈ ವಿಷಯ ನನಗೆ ಆಗ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವುದು ನನ್ನ ಕೆಲಸವಾಗಿತ್ತು.

ಅಖಿಲ ಭಾರತ ಕೂಟಕ್ಕೆ ಮೊದಲ ವರ್ಷ ಪರೀಕ್ಷೆ ಅಡ್ಡ ಬಂದು ಹೋಗಲಿಲ್ಲ. ಎರಡನೇ ವರ್ಷ ಹೋದ, ಎರಡು ಕುಸ್ತಿ ಗೆದ್ದು ಮೂರನೆಯದರಲ್ಲಿ ಹರಿಯಾಣದ ಹುಡುಗನ ಮುಂದೆ ಸೋತ. ಸೋತರೂ ಅವನ ಕಣ್ಣಲ್ಲಿ ಬೆಳಕಿತ್ತು. "ಇನ್ನೊಂದು ವರ್ಷ ಸಿಕ್ಕಿದ್ರೆ ಇವ್ರನ್ನ ಹೊಡೀಬಹುದು ಸಾರ್" ಅಂದ.

ಆ ಇನ್ನೊಂದು ವರ್ಷದಲ್ಲಿ ಆಟದ ನಿಯಮ ಬದಲಾಯಿತು. 2017ರವರೆಗೆ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ತೂಕ ನೋಡುತ್ತಿದ್ದದ್ದು ಹಿಂದಿನ ದಿನ ಸಂಜೆ. ತಕ್ಕಡಿ ಇಳಿದ ಮೇಲೆ ಇಡೀ ರಾತ್ರಿ ಇರುತ್ತಿತ್ತು, ಗಂಜಿ ಕುಡಿದು, ಅನ್ನ ಉಂಡು, ಮಲಗಿ ಎದ್ದರೆ ಮೂರು ಕಿಲೋ ವಾಪಸ್. 2018ರಿಂದ ಕುಸ್ತಿ ನಡೆಯುವ ದಿನ ಬೆಳಗ್ಗೆಯೇ ತೂಕ. ಜನ ಹೀಗೆ ಮೈ ಒಣಗಿಸಿಕೊಳ್ಳುವುದನ್ನು ನಿಲ್ಲಿಸಲಿ ಅಂತಲೇ ತಂದ ಬದಲಾವಣೆ ಅದು. ಮೈಯಿಂದ ಹೋದ ನೀರು, ಸ್ನಾಯುವಿನಲ್ಲಿ ಖಾಲಿಯಾದ ಸಕ್ಕರೆ ಎರಡು ಮೂರು ಗಂಟೆಯಲ್ಲಿ ತುಂಬುವುದಿಲ್ಲ, ಸಕ್ಕರೆ ತುಂಬಲು ಒಂದು ದಿನವೇ ಬೇಕು. ಮೂರನೇ ವರ್ಷ ನಾವು ಹೋದ ಕೂಟದಲ್ಲೂ ಬೆಳಗ್ಗೆ ತೂಕ. ನಾವು ಮಾತ್ರ ಹಳೇ ಲೆಕ್ಕದಲ್ಲೇ ಹೋಗಿದ್ದೆವು, ಈ ಸಲ ಇಳಿಸಬೇಕಿದ್ದದ್ದು ಏಳು ಕಿಲೋ.

ಆ ಬೆಳಗ್ಗೆ ಆರು ಗಂಟೆಗೆ 61.6 ಇತ್ತು. ಸ್ಟೇಡಿಯಂ ಸುತ್ತ ಓಡಿದ. ಬಾಯಲ್ಲಿ ಎಂಜಲು ಬರಲಿ ಅಂತ ಹುಣಸೆಹಣ್ಣು ಇಟ್ಟುಕೊಂಡು ಉಗಿಯುತ್ತ ಓಡಿದ. ಎಂಜಲು ಬರುತ್ತಿರಲಿಲ್ಲ. ಕೊನೆಗೆ ಲಂಗೋಟಿಯಲ್ಲಿ ನಿಂತಾಗ ಸರಿಯಾಗಿ 61. ನಾನು ದೇವರಿಗೆ ಕೈಮುಗಿದೆ, ಮುಗಿಯಬಾರದಿತ್ತು. ತಕ್ಕಡಿ ಅವನನ್ನು ಅವತ್ತು ಹೊರಗೆ ಹಾಕಿದ್ದರೆ ಒಳ್ಳೆಯದಿತ್ತು. ಹತ್ತೂವರೆಗೆ ಅವನ ಕುಸ್ತಿ. ಮೊದಲ ಸುತ್ತಿನಲ್ಲಿ 6-0 ಮುಂದೆ ಇದ್ದ, ಆ ಹಿಡಿತ ಹಾಗೇ ಇತ್ತು. ಎರಡನೇ ಸುತ್ತು ಶುರುವಾಗಿ ಒಂದು ನಿಮಿಷಕ್ಕೆ ಎರಡೂ ಮೀನಖಂಡ ಹಿಡಿದುಕೊಂಡವು. ಕೈ ತೆರೆಯಲು ಬರುತ್ತಿರಲಿಲ್ಲ, ಬೆರಳು ಕೊಕ್ಕೆಯ ಹಾಗೆ ನಿಂತಿದ್ದವು. ಎದುರಿನವನು ಎರಡು, ನಾಲ್ಕು, ಆರು, ಎಂಟು ಅಂತ ತೆಗೆದುಕೊಂಡ. ಮುಗಿದ ಮೇಲೆ ಇವನು ರೆಫರಿ ಕೈ ಎತ್ತುವವರೆಗೆ ನಿಲ್ಲಲಾರದೆ ಕೂತುಬಿಟ್ಟ. ಎರಡು ಬಾಟಲಿ ಡ್ರಿಪ್ ಹಾಕಿದ ಮೇಲೆ ಮೂತ್ರ ಬಂತು, ಕಾಫಿ ಬಣ್ಣದ್ದು.

ಊರಿಗೆ ಬಂದರೆ ಅಲ್ಲಿ ಬೇರೆ ಸಂಕಟ. 2018ರ ಮಳೆ ನೆನಪಿದೆ ಅಲ್ವಾ? ತೋಟಕ್ಕೆ ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡಲೇ ಇಲ್ಲ, ಕೊಳೆ ರೋಗ ಬಂದು ಎಳೆಕಾಯಿ ಎಲ್ಲ ಉದುರಿತು. ಸೊಸೈಟಿ ಸಾಲ ಹಾಗೇ ಇತ್ತು. ಅವನು ಮನೆಯಲ್ಲಿ ಏನೂ ಹೇಳದೆ ಜಾತ್ರೆ ಕುಸ್ತಿಗಳಿಗೆ ಹೋಗಲು ಶುರು ಮಾಡಿದ. ಗೆದ್ದರೆ ಎರಡು ಸಾವಿರ, ಐದು ಸಾವಿರ. ಜಾತ್ರೆ ಕುಸ್ತಿಯಲ್ಲಿ ತಕ್ಕಡಿ ಇಲ್ಲ. ಜೋಡಿ ಕಟ್ಟುವವರು ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿ ಕಣ್ಣಳತೆಯಲ್ಲಿ ಒಪ್ಪಿಸುತ್ತಾರೆ. ನೂರು ಗ್ರಾಂಗಾಗಿ ಪ್ರಾಣ ಬಿಡುತ್ತಿದ್ದ ಹುಡುಗ ಅಲ್ಲಿ ತನಗಿಂತ ಹದಿನೈದು ಕಿಲೋ ಜಾಸ್ತಿ ಇರುವವರ ಜೊತೆ ಆಡುತ್ತಿದ್ದ. ನಾನು ಜಾತ್ರೆ ಕುಸ್ತಿಯ ವಿರೋಧಿ ಅಲ್ಲ, ನನ್ನ ಕುಸ್ತಿಯ ಹುಚ್ಚು ಹುಟ್ಟಿದ್ದೇ ಅಲ್ಲಿ. ಆದರೆ ಡ್ರಿಪ್ ಹಾಕಿಸಿಕೊಂಡು ಬಂದ ಮೂರು ತಿಂಗಳಿಗೆ, ಸೊರಗಿದ ಕಾಲಿನಲ್ಲಿ, ಸೋಲು ಗೆಲುವು ತೀರ್ಮಾನವಾಗುವವರೆಗೆ ಬಿಡದ ನಿಕಾಲಿ ಕುಸ್ತಿಗೆ ಇಳಿಯುವುದು ಬೇರೆ ಮಾತು.

2019ರ ಮಾರ್ಚ್‌ನ ಒಂದು ಸಂಜೆ ಅದು ಆಯಿತು. ನಾನು ಅಲ್ಲಿರಲಿಲ್ಲ. ಎದುರಿನವನನ್ನು ಧೋಬಿ ಪಟ್ಟಿಗೆ, ಅಂದರೆ ಬೆನ್ನ ಮೇಲಿಂದ ಬಟ್ಟೆ ಒಗೆದ ಹಾಗೆ ಎಸೆಯುವ ಪಟ್ಟಿಗೆ, ಎತ್ತಿ ತಿರುಗಿದ್ದಾನೆ, ಕಾಲು ಸಡಿಲ ಮಣ್ಣಿನಲ್ಲಿ ಹೂತು ಹಾಗೇ ನಿಂತಿದೆ, ಮೈ ತಿರುಗಿದೆ, ಮಂಡಿ ತಿರುಗಲಿಲ್ಲ. "ಒಣ ಕಡ್ಡಿ ಮುರಿದ ಸದ್ದು ಬಂತು ಸಾರ್, ಡೊಳ್ಳಿನ ಸದ್ದಿನಲ್ಲೂ ನನಗೆ ಕೇಳಿಸ್ತು" ಅಂದ. ತೊಡೆಯಲ್ಲಿ ಬಲ ಇದ್ದಿದ್ದರೆ ಮಂಡಿ ಉಳಿಯುತ್ತಿತ್ತಾ? ಖಂಡಿತ ಅಂತ ಯಾರೂ ಹೇಳಲಾರರು. ಆದರೆ ಮಂಡಿಯನ್ನು ಕಾಯುವುದು ತೊಡೆಯ ಸ್ನಾಯು, ಆ ಸ್ನಾಯು ಬೆಳೆಯಬೇಕಾದ ಮೂರು ವರ್ಷ ನಾವು ಅವನಿಗೆ ಊಟ ಬಿಡಿಸಿದ್ದೆವು. ಇದನ್ನು ನಾನು ಮನಸ್ಸಿನಿಂದ ತೆಗೆಯಲಾರೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಮೊದಲು ನಾಟಿ ವೈದ್ಯರ ಎಣ್ಣೆ, ಕಟ್ಟು, ಎರಡು ತಿಂಗಳು. ಊತ ಇಳಿಯಿತು, ನಡೆದಾಡಿದ, ವಾಸಿಯಾಯಿತು ಅಂದುಕೊಂಡ. ಮೆಟ್ಟಿಲು ಇಳಿಯುವಾಗ ಮಂಡಿ ಜಾರಿತು. ಶಿವಮೊಗ್ಗದಲ್ಲಿ ಎಂಆರ್‌ಐ ಮಾಡಿಸಿದರೆ ಒಳಗಿನ ಲಿಗಮೆಂಟ್ ಪೂರ್ತಿ ಹರಿದಿದೆ, ಕುಶನ್‌ನಂತೆ ಇರುವ ಮೆನಿಸ್ಕಸ್ ಕೂಡ ಸೀಳಿದೆ. ದುಡ್ಡು ಹೊಂದಿಸಿ ಆಪರೇಷನ್ ಆಗಿದ್ದು 2020ರ ಜನವರಿಯಲ್ಲಿ. ಈ ಆಪರೇಷನ್ ಆದ ಮೇಲೆ ಕಣಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕು, ಅದರಲ್ಲಿ ಫಿಸಿಯೋಥೆರಪಿಯೇ ಮುಖ್ಯ. ಮಾರ್ಚ್ 25ಕ್ಕೆ ಲಾಕ್‌ಡೌನ್. ಬಸ್ಸೇ ಇಲ್ಲದ ಮೇಲೆ ಹಳ್ಳಿಯಿಂದ ಶಿವಮೊಗ್ಗಕ್ಕೆ ಫಿಸಿಯೋ ಹತ್ತಿರ ಹೋಗುವುದು ಹೇಗೆ? ಮಂಡಿ ಪೂರ್ತಿ ಮಡಚಲು ಇವತ್ತಿಗೂ ಬರುವುದಿಲ್ಲ.

ಸರಿ, ಕುಸ್ತಿ ಹೋಯಿತು. ನೌಕರಿಯಾದರೂ? ಇಲ್ಲಿ ನನ್ನ ಎರಡನೇ ತಪ್ಪು ಇದೆ, ಇದನ್ನು ಪಿ.ಟಿ. ಮೇಷ್ಟ್ರುಗಳು, ಮಕ್ಕಳನ್ನು ಆಟಕ್ಕೆ ಕಳಿಸುವ ಅಪ್ಪ ಅಮ್ಮಂದಿರು ದಯವಿಟ್ಟು ಗಮನ ಕೊಟ್ಟು ಓದಿ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ಕೆಲಸಗಳಿಗೆ ಪ್ರಮಾಣಪತ್ರದ ನಮೂನೆಗಳಿವೆ. ನಮೂನೆ 1 ದೇಶದ ಪರ ಆಡಿದವರಿಗೆ, 2 ರಾಜ್ಯದ ಪರ ರಾಷ್ಟ್ರೀಯ ಕೂಟದಲ್ಲಿ ಆಡಿದವರಿಗೆ, 3 ವಿಶ್ವವಿದ್ಯಾಲಯದ ಪರ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಆಡಿದವರಿಗೆ, 4 ಶಾಲಾ ರಾಷ್ಟ್ರೀಯ ಕೂಟದವರಿಗೆ. ಈ ಮೂರನೆಯದಕ್ಕೆ ವಿಶ್ವವಿದ್ಯಾಲಯದಲ್ಲಿ ಕ್ರೀಡೆಯ ಹೊಣೆ ಹೊತ್ತ ಅಧಿಕಾರಿಯ ಸಹಿ ಬೇಕು. ಇವನು ಎರಡು ಸಲ ಯೂನಿವರ್ಸಿಟಿ ಪರ ಆಡಿದವನು, ನಮೂನೆ 3 ಸಿಗಬೇಕಾದವನೇ. ಆದರೆ ಅವನ ಫೈಲಿನಲ್ಲಿ ಇದ್ದದ್ದು ಅಂತರ ಕಾಲೇಜು ಕೂಟದ ಬಣ್ಣದ ಸರ್ಟಿಫಿಕೇಟ್‌ಗಳು, ನಾಲ್ಕು ಮೆಡಲ್, ಪೇಪರ್ ಕಟಿಂಗ್. ಆ ಕೆಲಸದ ಲೆಕ್ಕಕ್ಕೆ ಅಂತರ ಕಾಲೇಜು ಚಿನ್ನ ಬರುವುದೇ ಇಲ್ಲ. ಕೂಟ ಮುಗಿಸಿ ಬಂದ ವಾರದಲ್ಲಿ ನಾನು ಹೋಗಿ ಕೇಳಿದ್ದರೆ ಹತ್ತು ನಿಮಿಷದ ಕೆಲಸ. ನಾನು ಕೇಳಲಿಲ್ಲ, ಅವನಿಗೂ ಹೇಳಲಿಲ್ಲ. 2021ರಲ್ಲಿ ಅರ್ಜಿ ಹಾಕುವಾಗ ವಿಷಯ ತಿಳಿದು ಓಡಾಡಿದೆವು. ಹಳೇ ತಂಡದ ಪಟ್ಟಿ, ಹಾಜರಿ, ಕೂಟದ ಫಲಿತಾಂಶ ಎಲ್ಲ ಹುಡುಕಿ ಸಹಿ ಆಗುವ ಹೊತ್ತಿಗೆ ಕೊನೆಯ ದಿನಾಂಕ ದಾಟಿ ಹನ್ನೊಂದು ದಿನ ಆಗಿತ್ತು.

ಖಾಶಾಬಾ ಜಾಧವ್ ಬಗ್ಗೆ ನಾನು ಪ್ರತಿ ವರ್ಷ ಹೊಸ ಹುಡುಗರಿಗೆ ಹೇಳುತ್ತೇನೆ. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಒಲಿಂಪಿಕ್ ಪದಕ ತಂದ ಮೊದಲಿಗ, 1952, ಹೆಲ್ಸಿಂಕಿ, ಕಂಚು. ಅವರೂ ಕಾಲೇಜು ಪೈಲ್ವಾನರೇ, ಕೊಲ್ಲಾಪುರದ ರಾಜಾರಾಮ್ ಕಾಲೇಜಿನವರು. ಹೆಲ್ಸಿಂಕಿಗೆ ಹೋಗಲು ದುಡ್ಡಿಲ್ಲದಾಗ ಅವರ ಪ್ರಿನ್ಸಿಪಾಲರು ತಮ್ಮ ಮನೆಯನ್ನೇ ಅಡವಿಟ್ಟು 7000 ರೂಪಾಯಿ ಕೊಟ್ಟರು. ಪದಕ ತಂದ ಮೇಲೂ ಜಾಧವ್ ಅವರಿಗೆ ಪೊಲೀಸ್ ಕೆಲಸ ಸಿಕ್ಕಿದ್ದು 1955ರಲ್ಲಿ. ಈ ಕಥೆಯನ್ನು ನಾನು ಮೊದಲೆಲ್ಲ ಪೈಲ್ವಾನನ ಛಲದ ಕಥೆಯಾಗಿ ಹೇಳುತ್ತಿದ್ದೆ. ಈಗ ಪ್ರಿನ್ಸಿಪಾಲರ ಕಥೆಯಾಗಿ ಹೇಳುತ್ತೇನೆ. ಅವರು ಮನೆ ಅಡವಿಟ್ಟರು, ನಾನು ಒಂದು ಹಾಳೆ ತರಲು ಹೋಗಲಿಲ್ಲ.

ಹುಡುಗ ಈಗ ಹಗಲು ಅಡಿಕೆ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾನೆ. ಬೆಳಗ್ಗೆ ಐದಕ್ಕೆ ಗರಡಿ, ಒಂಬತ್ತು ಹುಡುಗರು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಅಂದರೆ ಎನ್‌ಐಎಸ್ ಕೋಚಿಂಗ್ ಕೋರ್ಸ್ ಮಾಡುವ ಆಸೆ ಇದೆ, ಅದಕ್ಕೆ ದುಡ್ಡು ಕೂಡಿಸುತ್ತಿದ್ದಾನೆ. ಗರಡಿಯ ಗೋಡೆಗೆ ಒಂದು ಪುಸ್ತಕ ನೇತು ಹಾಕಿದ್ದಾನೆ. ಪ್ರತಿ ಸೋಮವಾರ ಎಲ್ಲರ ತೂಕ ಅದರಲ್ಲಿ ಬರೆಯಬೇಕು, ಒಂದು ವಾರದಲ್ಲಿ ಒಂದು ಕಿಲೋಗಿಂತ ಜಾಸ್ತಿ ಇಳಿದವನಿಗೆ ಅವತ್ತು ಕಣಕ್ಕೆ ಪ್ರವೇಶ ಇಲ್ಲ.

2024ರ ಆಗಸ್ಟ್ 7ರಂದು ನನಗೆ ಫೋನ್ ಮಾಡಿದ. ವಿನೇಶ್ ಫೋಗಟ್ ಪ್ಯಾರಿಸ್‌ನಲ್ಲಿ ಫೈನಲ್ ದಿನ 50 ಕೆ.ಜಿ. ವಿಭಾಗದಲ್ಲಿ 100 ಗ್ರಾಂ ಜಾಸ್ತಿ ಬಂದು ಹೊರಬಿದ್ದ ಸುದ್ದಿ ಬಂದಿತ್ತು. "ನೂರು ಗ್ರಾಂ ಸಾರ್" ಅಂದ. ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ರಾತ್ರಿಯೆಲ್ಲ ಆಕೆ ಏನು ಮಾಡಿರಬಹುದು ಅಂತ ಅವನಿಗೆ ಯಾರೂ ವಿವರಿಸಬೇಕಿರಲಿಲ್ಲ.

ಕಳೆದ ಸಲ ಎಂಟ್ರಿ ಕಳಿಸುವ ದಿನ ಅವನೇ ಒಬ್ಬ ಹುಡುಗನನ್ನು ಕರೆದುಕೊಂಡು ನನ್ನ ಕೊಠಡಿಗೆ ಬಂದ. ಆ ಹುಡುಗ ಈಗ ನಮ್ಮ ಕಾಲೇಜಿನಲ್ಲಿ ಮೊದಲ ವರ್ಷ, ತೂಕ 64.8. "61ಕ್ಕೆ ಇಳೀತೀನಿ ಸರ್, ಅಲ್ಲಿ ಜೋಡಿ ಸುಲಭ" ಅಂತ ಹುಡುಗನೇ ಹೇಳಿದ. ಇವನು ಏನೂ ಮಾತಾಡದೆ ನನ್ನ ಪೆನ್ನಿನ ತುದಿ ನೋಡುತ್ತ ನಿಂತಿದ್ದ. ನಾನು 65 ಅಂತ ಬರೆದೆ. ಹುಡುಗ ಸೆಮಿಫೈನಲ್‌ನಲ್ಲಿ 4-6ರಿಂದ ಸೋತ, ಶೀಲ್ಡ್ ಬೇರೆ ಕಾಲೇಜಿಗೆ ಹೋಯಿತು. ವಾಪಸ್ ಬರುವಾಗ ದಾರಿಯಲ್ಲಿ ಹೋಟೆಲ್‌ನಲ್ಲಿ ಊಟಕ್ಕೆ ನಿಲ್ಲಿಸಿದೆವು. ಹುಡುಗ ಎರಡು ಸಲ ಅನ್ನ ಹಾಕಿಸಿಕೊಂಡ. ಇವನು ತನ್ನ ಎಲೆಯ ಮೊಟ್ಟೆಯನ್ನೂ ಎತ್ತಿ ಅವನ ಎಲೆಗೆ ಹಾಕಿದ, ಸೋಮವಾರ ಪುಸ್ತಕದಲ್ಲಿ 65.3 ಅಂತ ಬರೆದು ನನಗೆ ಫೋಟೋ ಕಳಿಸಿದ.